9 ಜನರ ಕೆಲಸ 5 ಜನ ಮಾಡುತ್ತಿದ್ದೇವೆ, ಬಿಡಲೂ ಮನಸ್ಸಿಲ್ಲ

ಕೆಂಗೇರಿ_ಬಸ್ಸು:
ಬೆಳ್ಳಂದೂರಿನ ಹತ್ತಿರ ಒಂದು ಐಟಿ ಕಂಪನಿಯಲ್ಲಿ ಪ್ರೊಡಕ್ಷನ್ ಸಪೋರ್ಟ್ ಕೆಲಸ, ಅಂದರೆ ಬಳಕೆಯಲ್ಲಿರುವ ಸಾಫ್ಟ್‌ವೇರ್ ಕೈಕೊಟ್ಟರೆ ತಕ್ಷಣ ಸರಿಮಾಡುವುದು. ಸೇರಿ 4 ವರ್ಷ 3 ತಿಂಗಳಾಯಿತು. ಯುಗಾದಿ ಹೊತ್ತಿಗೆ ಟೀಮಿನಲ್ಲಿ 9 ಜನ ಇದ್ದೆವು, ಈಗ 5. ಬಿಟ್ಟವರ ಜಾಗಕ್ಕೆ ಜನ ಕೊಡಿ ಅಂದರೆ "ಮುಂದಿನ ಕ್ವಾರ್ಟರ್ ನೋಡೋಣ" ಎನ್ನುತ್ತಾರೆ, ಹೀಗೇ ಮೂರು ಕ್ವಾರ್ಟರ್ ಕಳೆಯಿತು. ರಾತ್ರಿ ಎರಡಕ್ಕೆ ಫೋನ್ ಬಂದು ನಾಲ್ಕರವರೆಗೆ ಕೂತಿದ್ದರೂ ಬೆಳಗ್ಗೆ ಒಂಬತ್ತೂವರೆಯ ಮೀಟಿಂಗ್ ತಪ್ಪಿಸುವ ಹಾಗಿಲ್ಲ. ಟೈಮ್‌ಶೀಟಿನಲ್ಲಿ ಮಾತ್ರ ದಿನಕ್ಕೆ 9 ಗಂಟೆ ಕೆಲಸ ಅಂತಲೇ ತುಂಬಬೇಕು, ಜಾಸ್ತಿ ತುಂಬಿದರೆ ರಿಜೆಕ್ಟ್. ಹೋದ ತಿಂಗಳು ಮಗಳ ಸ್ಕೂಲ್ ಡೇ ಇತ್ತು, ಅವಳು ಸ್ಟೇಜಿಗೆ ಬಂದಾಗ ನಾನು ಗೇಟಿನ ಹತ್ತಿರ ಲ್ಯಾಪ್‌ಟಾಪ್ ತೆಗೆದು ಕೂತಿದ್ದೆ. ಅವತ್ತಿನಿಂದ ಮನಸ್ಸು ಸರಿಯಿಲ್ಲ. ಆದರೆ ನಾನು ಬಿಟ್ಟರೆ ನನ್ನ ಪಾಲಿನದೂ ಉಳಿದ ನಾಲ್ವರ ತಲೆ ಮೇಲೆ ಬೀಳುತ್ತದೆ. ಏನು ಮಾಡಲಿ?

ಹಳೇ_ಲೀಡ್:
ನಾನು ಆರು ವರ್ಷ ಟೀಮ್ ಲೀಡ್ ಆಗಿದ್ದೆ, ಅದಕ್ಕೇ ಹೇಳುತ್ತೇನೆ. ಮೇಲಿನವರು ನೋಡುವುದು ಎರಡೇ, ಟಿಕೆಟ್ (ದಾಖಲಾದ ದೂರು) ಟೈಮಿಗೆ ಮುಗಿಯಿತಾ, ಎಷ್ಟು ಗಂಟೆ ಆಯಿತು. ನಿಮ್ಮ ಟೀಮಿನಲ್ಲಿ ಟಿಕೆಟ್ ಎಲ್ಲ ಮುಗಿಯುತ್ತಿದೆ, ಗಂಟೆ 9 ಅಂತಿದೆ. ಅಂದಮೇಲೆ ಐದು ಜನ ಸಾಕು ಅಂತಲೇ ಅವರ ಲೆಕ್ಕ. ನಿಮ್ಮ ನಿದ್ದೆ ಆ ಶೀಟಿನಲ್ಲಿ ಎಲ್ಲೂ ಕಾಣುವುದಿಲ್ಲ. ನಮ್ಮಲ್ಲಿ ನಾನು ರಾತ್ರಿಯ ಕಾಲ್‌ಗಳನ್ನೆಲ್ಲ ತಾರೀಖು, ಸಮಯ ಸಮೇತ ಪ್ರತಿ ಸೋಮವಾರ ಮೇಲ್ ಮಾಡಲು ಶುರು ಮಾಡಿದೆ, ಜೊತೆಗೆ "ಈ ವಾರ ಈ ಕೆಲಸ ಆಗುವುದಿಲ್ಲ" ಅಂತ ಮೊದಲೇ ಬರೆದೆ. ನನ್ನ ಮ್ಯಾನೇಜರ್‌ಗೆ ಸಿಟ್ಟು ಬಂತು. ಎರಡು ತಿಂಗಳಾದ ಮೇಲೆ ಒಬ್ಬರನ್ನು ಕೊಟ್ಟರು. ಒಬ್ಬರೇ, ಆದರೂ ಕೊಟ್ಟರು.

ಜಯನಗರ4ನೇಬ್ಲಾಕ್:
ಕಾನೂನಿನ ವಿಷಯ ಹೇಳುತ್ತೇನೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಐಟಿ ಕಂಪನಿಗಳಿಗೂ ಅನ್ವಯಿಸುತ್ತದೆ. ಅದರಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತಲೇ ಬರೆದಿದ್ದರು, ಅದನ್ನು ಮೀರಿದರೆ ಓವರ್‌ಟೈಮಿಗೆ ಎರಡು ಪಟ್ಟು ಸಂಬಳ. ಟೈಮ್‌ಶೀಟಿನಲ್ಲಿ 9 ದಾಟಬಾರದು ಅನ್ನುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? 2024ರ ಜುಲೈನಲ್ಲಿ ಈ ಮಿತಿಯನ್ನೇ 12 ಗಂಟೆ ದಾಟಿಸುವ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿದು ವಿರೋಧಿಸಿತು. ಅವರ ಹತ್ತಿರ ಒಮ್ಮೆ ಮಾತಾಡಿ. ನೀವೊಬ್ಬರೇ ದೂರು ಕೊಡುವುದಕ್ಕಿಂತ ಐದೂ ಜನ ಸೇರಿ ಹೋಗುವುದು ಒಳ್ಳೆಯದು.

ಮಲ್ನಾಡ್_ಮಗಳು:
ನಾನೂ ಟೀಮಿನವರಿಗೋಸ್ಕರ ಅಂತಲೇ ಒಂದೂವರೆ ವರ್ಷ ಉಳಿದೆ. ಕೊನೆಗೆ ಬಿಪಿ ಬಂತು. ರಾಜೀನಾಮೆ ಕೊಟ್ಟ ದಿನ ಅವರೇ "ನೀನು ಇದೀಯ ಅಂತ ನಾವೂ ಇದ್ದೆವು" ಅಂದರು. ಒಬ್ಬರಿಗೊಬ್ಬರು ಹೇಳಿಕೊಂಡೇ ಇರಲಿಲ್ಲ. ದಯವಿಟ್ಟು ಅವರ ಜೊತೆ ಬಾಯಿ ಬಿಟ್ಟು ಮಾತಾಡಿ.

ಇನ್ನೊಂದು, 5 ವರ್ಷ ತುಂಬಿದರೆ ಗ್ರಾಚ್ಯುಟಿ ಸಿಗುತ್ತದೆ, ಕೆಲಸ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ವೇತನದ ಲೆಕ್ಕದಲ್ಲಿ. ನೋಟಿಸ್ ಪೀರಿಯಡ್ 90 ದಿನ ಇದ್ದರೆ ಅದನ್ನೂ ಸೇರಿಸಿ ಲೆಕ್ಕ ಹಾಕಿ. ಆದರೆ ಆರೋಗ್ಯ ಕೆಡುತ್ತಿದ್ದರೆ ಆ ದುಡ್ಡಿಗಾಗಿ ಕಾಯಬೇಡಿ.

ಕೆಂಗೇರಿ_ಬಸ್ಸು:
ಎಲ್ಲರಿಗೂ ಧನ್ಯವಾದ. ಇವತ್ತು ಊಟದ ಹೊತ್ತಲ್ಲಿ ನಾಲ್ವರಿಗೂ ವಿಷಯ ಹೇಳಿದೆ. ಇಬ್ಬರು ಆಗಲೇ ಬೇರೆ ಕಡೆ ಇಂಟರ್‌ವ್ಯೂ ಕೊಡುತ್ತಿದ್ದಾರಂತೆ, ನನಗೆ ಬೇಜಾರಾಗುತ್ತದೆ ಅಂತ ಮುಚ್ಚಿಟ್ಟಿದ್ದರು. ಮೂರು ತಿಂಗಳ ರಾತ್ರಿ ಕಾಲ್‌ಗಳ ಪಟ್ಟಿ ಮಾಡಲು ಕೂತಿದ್ದೇವೆ. ಸೋಮವಾರ ಐದೂ ಜನರ ಹೆಸರಲ್ಲಿ ಮೇಲ್ ಹೋಗುತ್ತದೆ.