ಚೀಟಿನೇ ಕೊಡದಿದ್ದರೆ ಸಕಾಲದ ದಿನ ಎಣಿಸೋದು ಯಾವಾಗ?

ಇಂಡಿಯ ಹುಡುಗಿ:
ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡು ಏಳು ತಿಂಗಳಾಯಿತು. ನಾಲ್ಕು ಎಕರೆ ನಿಂಬೆ ತೋಟದ ಉತಾರದಲ್ಲಿ (ಪಹಣಿಯಲ್ಲಿ) ಇನ್ನೂ ಅವರದೇ ಹೆಸರಿದೆ. ವಾರಸಾ ಮಾಡಿಸಲು, ಅಂದರೆ ಅದನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅವ್ವ ಮೂರು ಸಲ ಕಚೇರಿಗೆ ಹೋಗಿ ಬಂದಳು. ಒಮ್ಮೆ ಸರ್ವರ್ ಇಲ್ಲ ಎಂದರು. ಇನ್ನೊಮ್ಮೆ ವಂಶಾವಳಿ ತನ್ನಿ ಎಂದರು. ಮೂರನೇ ಸಲ ಕಾಗದ ಇಟ್ಟುಕೊಂಡು 'ನೋಡ್ತೀವಿ, ಹೋಗಿ' ಅಂದರು. ಅರ್ಜಿ ತಗೊಂಡಿದ್ದಕ್ಕೆ ಚೀಟಿ ಕೊಡಲಿಲ್ಲ. ಸರ್ಕಾರಿ ಕೆಲಸ ಇಂತಿಷ್ಟು ದಿನದಲ್ಲಿ ಮಾಡಿಕೊಡಬೇಕು ಅನ್ನೋ ಸಕಾಲ 2012ರಿಂದ ಇಡೀ ರಾಜ್ಯದಲ್ಲಿದೆ ಅಲ್ವಾ? ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಕೊಡಬೇಕಂತೆ. ನಮ್ಮ ಏಳು ತಿಂಗಳು ಅದರ ಲೆಕ್ಕಕ್ಕೆ ಬರುತ್ತಾ?

ನಿವೃತ್ತ ಗುಮಾಸ್ತ, ಬಾಗಲಕೋಟೆ:
ಬರೋದಿಲ್ಲ ತಂಗಿ. ಅರ್ಜಿಗೆ ಸಕಾಲದ 15 ಅಂಕಿಯ ಜಿಎಸ್‌ಸಿ ನಂಬರ್ ಬಿದ್ದ ಮೇಲೆಯೇ ದಿನದ ಎಣಿಕೆ ಶುರು. ನಾನು 28 ವರ್ಷ ಕಂದಾಯದಲ್ಲಿದ್ದೆ. ಜಮೀನು ದಾಖಲೆಯ 'ಭೂಮಿ' ತಂತ್ರಾಂಶ ಬಂದ ಮೇಲೆ ಅರ್ಜಿ ಸರದಿ ಪ್ರಕಾರವೇ ಹೋಗಬೇಕಾಯಿತು, ನಡುವೆ ಯಾರನ್ನೂ ತೂರಿಸುವ ಹಾಗಿಲ್ಲ. ಅದು ನಿಜಕ್ಕೂ ದೊಡ್ಡ ಬದಲಾವಣೆ. ಆದರೆ ಸರದಿಗೆ ಸೇರುವ ಮೊದಲೇ ಅರ್ಜಿ ನಿಂತರೆ ಕಂಪ್ಯೂಟರಿಗೆ ಏನು ಗೊತ್ತಾಗುತ್ತೆ?

ಹಾಗೆ ಯಾಕೆ ನಿಲ್ಲುತ್ತೆ ಅಂತಲೂ ಹೇಳಬೇಕು. ಕೊನೆಯ ಆರು ವರ್ಷ ಪಕ್ಕದ ಖಾಲಿ ಟೇಬಲ್ಲಿನ ಕೆಲಸವೂ ನನ್ನ ಮೇಲೇ ಇತ್ತು. ಒಬ್ಬ ತಲಾಠಿ (ಗ್ರಾಮ ಲೆಕ್ಕಿಗ) ಇಬ್ಬರ ಊರು ನೋಡುತ್ತಿದ್ದ. ಪರಿಹಾರದ ದುಡ್ಡು ನಮ್ಮ ಸಂಬಳದಿಂದ ಹೋಗುತ್ತೆ. ಆ ಹೆದರಿಕೆಗೆ ಕೆಲವರು ಅರ್ಜಿಯನ್ನೇ ದಾಖಲು ಮಾಡುತ್ತಿರಲಿಲ್ಲ. ಅದು ತಪ್ಪು. ಜನರ ಅಲೆದಾಟ ಕಣ್ಣಾರೆ ಕಂಡಿದ್ದೇನೆ, ಈಗಲೂ ಬೇಜಾರಾಗುತ್ತೆ. ಆದರೆ ಹುದ್ದೆ ತುಂಬದೆ ದಂಡ ಮಾತ್ರ ಹಾಕಿದರೆ ಹೀಗೇ ಆಗೋದು.

ಗ್ರಾಮ ಒನ್ ಕೇಂದ್ರ, ಅಥಣಿ:
ಅಕ್ಕಾ, ಕಾಗದದ ಒಂದೊಂದು ಜೆರಾಕ್ಸ್ ನಿಮ್ಮ ಹತ್ತಿರ ಇರಲಿ. ಕೌಂಟರಿನಲ್ಲಿ ನಿಂತು 'ಸಕಾಲದ ಸ್ವೀಕೃತಿ ಕೊಡಿ' ಅಂತ ಬಾಯಿಬಿಟ್ಟು ಕೇಳಿ. ಕಾಗದ ಕಡಿಮೆ ಇದ್ದರೆ ಯಾವುದು ಅಂತ ಬರೆದುಕೊಡಲು ಹೇಳಿ. ನಂಬರ್ ಸಿಕ್ಕ ಮೇಲೂ ಅವಧಿಯೊಳಗೆ ಕೆಲಸ ಆಗದಿದ್ದರೆ ಮೇಲ್ಮನವಿ ಹಾಕಬಹುದು. ನಮ್ಮಲ್ಲಿಗೆ ಬರುವವರಲ್ಲಿ ಎಷ್ಟೋ ಜನ ಚೀಟಿಯನ್ನು ಸುಮ್ನೆ ಮಡಚಿ ಜೇಬಿಗೆ ಹಾಕುತ್ತಾರೆ. ಆ ನಂಬರ್ ಯಾಕೆ ಅಂತ ನಾನು ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತೇನೆ.

ಇಂಡಿಯ ಹುಡುಗಿ:
ಕಾಕಾ, ಅಕ್ಕಾ, ಸೋಮವಾರ ನಾನೂ ಅವ್ವನ ಜೊತೆ ಹೋಗಿದ್ದೆ. ಸ್ವೀಕೃತಿ ಕೇಳಿದಾಗ ಒಂದು ಗಳಿಗೆ ಮುಖ ನೋಡಿದರು, ಆಮೇಲೆ ಟೈಪ್ ಮಾಡಿದರು. ಮೊಬೈಲ್ ನಂಬರ್ ಯಾರದು ಹಾಕಲಿ ಎಂದರು. ಅವ್ವ ತನ್ನದೇ ಹೇಳಿದಳು.