"ನೀ ಇನ್ನೂ ಸಣ್ಣಾಂವ ಅದಿ" ಅಂದರೆ ಏನು ಮಾಡಬೇಕು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ, ಲೋಹ ಕೊರೆಯುವ ಮೆಷಿನ್) ಆಪರೇಟರ್ ಆಗಿದ್ದೇನೆ. ಡಿಪ್ಲೊಮಾ ಆಗಿದೆ, ವಯಸ್ಸು 23. ಶಿಫ್ಟ್ ಇನ್‌ಚಾರ್ಜ್ ಜಾಗ ಒಂದು ಖಾಲಿ ಇದೆ. ಕೇಳಿದರೆ "ನೀ ಇನ್ನೂ ಸಣ್ಣಾಂವ ಅದಿ, ಮಂದಿ ನಿನ್ನ ಮಾತು ಕೇಳೂದಿಲ್ಲ" ಅಂದರು. ಅನುಭವ ಇದ್ದವರು ಹೇಳಿ.

ಉತ್ತರ: ತಮ್ಮಾ, ನಾನೂ ಉದ್ಯಮಬಾಗದಲ್ಲೇ ಇದೇ ಮಾತು ಕೇಳಿದವನು. ತಮಾಷೆ ನೋಡು, ರಾತ್ರಿ ಪಾಳಿ ಹಾಕುವಾಗ ಮಾತ್ರ ಯಾರಿಗೂ ನನ್ನ ವಯಸ್ಸು ನೆನಪಾಗುತ್ತಿರಲಿಲ್ಲ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಸರ್ಕಾರಿ ನೌಕರಿಯಲ್ಲಿ ಭೇದ ಮಾಡಬಾರದು ಅನ್ನುವ ಸಂವಿಧಾನದ 16ನೇ ವಿಧಿಯಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಎಲ್ಲ ಇವೆ, ವಯಸ್ಸು ಇಲ್ಲ. ಖಾಸಗಿ ಕಾರ್ಖಾನೆಯಲ್ಲಿ ವಯಸ್ಸು ನೋಡಿ ಬಡ್ತಿ ತಪ್ಪಿಸಿದರೆ ದೂರು ಕೊಡೋಕೆ ಅಂತಲೇ ಒಂದು ಕಾನೂನೂ ಇಲ್ಲ. 21ಕ್ಕೆ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಬಹುದು, ಆರು ಜನರ ಶಿಫ್ಟ್ ನೋಡಿಕೊಳ್ಳೋಕೆ ಸಣ್ಣವನು!

ನಾನು 24ಕ್ಕೆ ಜಗಳ ಮಾಡಿ ಶಿಫ್ಟ್ ಗಿಟ್ಟಿಸಿಕೊಂಡೆ. ಎರಡನೇ ವಾರ, ರಾತ್ರಿ ಎರಡೂವರೆ. ತೂತು ಕೊರೆಯುವ ಇನ್ಸರ್ಟ್ (ಟೂಲಿನ ತುದಿಯ ಅಲಗು) ಬದಲಿಸಿ, ಅಳತೆ ಸರಿಪಡಿಸುವ ಆಫ್‌ಸೆಟ್ ಅಂಕಿ ಹಾಕಿದೆ. 0.005 ಬದಲು 0.05 ಒತ್ತಿದ್ದೆ. ಮೊದಲ ಪೀಸ್ ಅಳೆಯಲಿಲ್ಲ. ಹುಡುಗರಿಗೆ "ಓಡಸ್ರಿ" ಅಂದು ಚಹಾಕ್ಕೆ ಹೋದೆ. ಬಂದು ತೂತು ಅಳೆಯುವ ಗೇಜ್ ಹಾಕಿದರೆ, ಒಳಗೆ ಹೋಗಲೇಬಾರದ ನೋ-ಗೋ ಕಡೆಯೇ ಸಲೀಸಾಗಿ ಇಳಿಯಿತು. ಕೈ ತಣ್ಣಗಾಯಿತು. ಹನ್ನೊಂದು ಪೀಸ್ ಗುಜರಿಗೆ. ತೂತು ಸಣ್ಣದಾಗಿದ್ದರೆ ಮತ್ತೆ ಕೊರೆಯಬಹುದು, ದೊಡ್ಡದಾದರೆ ಮುಗೀತು, ಅಲ್ವಾ?

ಬೆಳಿಗ್ಗೆ ಯಾರೂ ಕೇಳುವ ಮೊದಲೇ ಹೋಗಿ ಹೇಳಿದೆ. ಬೈಗುಳ ಬಿತ್ತು. ಆದರೆ ಅವತ್ತು ರಾತ್ರಿ, ಅಷ್ಟು ದಿನ ನನ್ನ ಮುಖ ನೋಡದ ಹಿರಿಯ ಕಾಕಾ ಒಬ್ಬರು ಡಬ್ಬಿ ತಗೊಂಡು ಪಕ್ಕ ಬಂದು ಕೂತರು. "ಇನ್ನ ಮ್ಯಾಲೆ ಮೊದಲ ಪೀಸ್ ನಾ ಅಳೀತೀನಿ, ನೀ ಬರಕೊ" ಅಂದರು. ಅವರು ನನ್ನ ಮಾತಿಗೆ ಕಿವಿ ಕೊಟ್ಟಿದ್ದು ಅಲ್ಲಿಂದಲೇ.

ಅದಕ್ಕೆ ಈಗಲೇ ಹುದ್ದೆ ಕೇಳಬೇಡ. ಬೇರೆ ಪಾಳಿಯ ಇನ್‌ಚಾರ್ಜ್ ರಜೆ ಹಾಕಿದಾಗ ಅಷ್ಟು ದಿನ ಶಿಫ್ಟ್ ಕೇಳು. ಜೊತೆಗೆ ಮೆಷಿನ್ ನಿಲ್ಲಿಸುವ ಅಧಿಕಾರವನ್ನೂ ಕೇಳು. ಅದು ಕೊಡದೆ ಸುಮ್ನೆ ರಿಜಿಸ್ಟರ್ ಕೊಟ್ಟರೆ, ಬೈಸಿಕೊಳ್ಳೋಕೆ ಇಟ್ಟುಕೊಂಡಿದ್ದಾರೆ ಅಂತ ತಿಳಿ.

ಇನ್ನೊಬ್ಬರು: ಅಣ್ಣ ಹೇಳಿದ್ದು ಸರಿ, ಆದರೆ ಎಲ್ಲರಿಗೂ ಅಂಥ ಕಾಕಾ ಸಿಗುವುದಿಲ್ಲ. ನಾನು ವಿಜಯಪುರದಲ್ಲಿ ಒಂದು ಪತ್ತಿನ ಸಹಕಾರಿ ಸಂಘದಲ್ಲಿದ್ದೆ. 25ರವರೆಗೆ "ಇನ್ನೂ ಹುಡುಗಿ". ಆಮೇಲೆ "ನಾಳೆ ಲಗ್ನ ಆಗಿ ಹೋಗ್ತಾಳ". ನಡುವೆ ಸರಿಯಾದ ವಯಸ್ಸು ಒಂದು ದಿನ ಬಂದಿತ್ತೇನೋ, ಅವತ್ತು ನಾನು ರಜೆಯಲ್ಲಿದ್ದೆ! ಎರಡು ವರ್ಷ ಜಾಸ್ತಿಯೇ ಕಾದೆ. ನೀವು ಆರು ತಿಂಗಳ ಗಡುವು ಹಾಕಿಕೊಳ್ಳಿ, ಆಮೇಲೆ ಬೇರೆ ಕಡೆ ನೋಡಿ.

ಪ್ರಶ್ನೆ ಕೇಳಿದವರು: ಅಣ್ಣಾ, ಅಕ್ಕಾ, ಧನ್ಯವಾದ. ಎರಡನೇ ಪಾಳಿಯವರು ಮಗಳ ಲಗ್ನಕ್ಕೆ ನಾಲ್ಕು ದಿನ ರಜೆ ಹಾಕಿದ್ದಾರೆ. ನಾಳೆಯೇ ಕೇಳುತ್ತೇನೆ.