ಲ್ಯಾಬ್ರಡಾರ್ ನಾಯಿಗೆ ಮುಗ್ಗಲು ವಾಸನೆ, ಕಪ್ಪಾದ ತೊಡೆಸಂದು: ಯೀಸ್ಟಾ, ಕಜ್ಜಿಯಾ?

ಕುಡ್ಲ_ಲ್ಯಾಬ್:
ಮಂಗಳೂರು, 4 ವರ್ಷದ ಲ್ಯಾಬ್ರಡಾರ್. ಕಂಕುಳು, ತೊಡೆಸಂದಿನ ಚರ್ಮ ಕಪ್ಪಾಗಿ ದಪ್ಪಗಾಗಿದೆ, ಮುಟ್ಟಿದರೆ ಜಿಡ್ಡು. ಕಾಲ್ಬೆರಳ ಸಂದಿ ನೆಕ್ಕಿ ನೆಕ್ಕಿ ಅಲ್ಲಿನ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದೆ. ಸ್ನಾನ ಮಾಡಿಸಿದ ಎರಡೇ ದಿನಕ್ಕೆ ಮತ್ತೆ ವಾಸನೆ. ಕೊಬ್ಬರಿ ಎಣ್ಣೆ ಹಚ್ಚಿ ಅಂತಾರೆ, ಹಚ್ಚಬಹುದಾ? ಮಕ್ಕಳಿಗೆ ಅಂಟುತ್ತಾ?

ಸ್ಲೈಡ್‌ಪ್ರಿಯ:
ಎಣ್ಣೆ ಬೇಡವೇ ಬೇಡ. ಮಲಸೀಜಿಯಾ ಅನ್ನೋ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಬದುಕೋದೇ ಚರ್ಮದ ಜಿಡ್ಡು ತಿಂದು. ಲಕ್ಷಣ ಅದಕ್ಕೇ ಹೊಂದುತ್ತೆ, ಆದರೆ ಬರೀ ಕಣ್ಣಲ್ಲಿ ನೋಡಿ ಖಚಿತ ಮಾಡೋಕಾಗಲ್ಲ. ಡಾಕ್ಟರ ಹತ್ತಿರ ಟೇಪ್ ಪರೀಕ್ಷೆ ಕೇಳಿ: ಸೆಲ್ಲೋಟೇಪನ್ನು ಜಿಡ್ಡಿನ ಜಾಗಕ್ಕೆ ನಾಲ್ಕೈದು ಸಲ ಒತ್ತಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಿಪ್ಪೆಸಮೇತ ಕಡಲೆಕಾಯಿಯಂಥ ಕೋಶಗಳು ಕಾಣುತ್ತವೆ. ಒಂದೆರಡು ಇದ್ದರೆ ಅರ್ಥವಿಲ್ಲ, ಆರೋಗ್ಯವಾಗಿರೋ ನಾಯಿಯ ಮೈಮೇಲೂ ಇರುತ್ತವೆ. ಹೋಗೋ ಮುಂಚೆ ಸ್ನಾನ ಮಾಡಿಸಬೇಡಿ, ಸ್ಯಾಂಪಲ್ ತೊಳೆದುಹೋಗುತ್ತೆ.

ಕಿವಿಯಂಚು, ಮೊಣಕೈಯಲ್ಲಿ ಹಕ್ಕಳೆ ಇದ್ದರೆ ಕಜ್ಜಿ ಇರಬಹುದು, ಚರ್ಮ ಕೆರೆದು ನೋಡಿಸಿ. ಮಕ್ಕಳಿಗೆ ಅಂಟೋದು ಆ ಕಜ್ಜಿ, ಹುಳುಕಡ್ಡಿ; ಯೀಸ್ಟ್ ಅಷ್ಟಾಗಿ ಅಂಟಲ್ಲ. ಕೈ ತೊಳೆದರೆ ಸಾಕು.

ನೊರೆ_ಹತ್ನಿಮಿಷ:
ಯೀಸ್ಟ್ ಅಂತ ಖಚಿತವಾದರೆ 2% ಮೈಕೊನಜೋಲ್ + 2% ಕ್ಲೋರ್‌ಹೆಕ್ಸಿಡೈನ್ ಶಾಂಪೂ, ವಾರಕ್ಕೆ ಎರಡು ಸಲ, ಕನಿಷ್ಠ 3 ವಾರ. ಜಿಡ್ಡು ಜಾಸ್ತಿಯಿದ್ದರೆ ಮೊದಲು ಸಾದಾ ನಾಯಿ ಶಾಂಪೂ ಹಾಕಿ ತೊಳೀರಿ, ಇಲ್ಲಾಂದ್ರೆ ಔಷಧಿ ಚರ್ಮದವರೆಗೆ ಇಳಿಯಲ್ಲ. ನೊರೆ ಬಂದ ಮೇಲೆ ಗಡಿಯಾರ ನೋಡಿ 10 ನಿಮಿಷ ಬಿಡಿ. ‘ಶಾಂಪೂ ಕೆಲಸ ಮಾಡ್ಲಿಲ್ಲ’ ಅನ್ನೋರಲ್ಲಿ ಬಹಳ ಜನ ಎರಡೇ ನಿಮಿಷಕ್ಕೆ ನೀರು ಸುರಿದಿರ್ತಾರೆ! ಬೆರಳ ಸಂದಿಯನ್ನೂ ಪೂರ್ತಿ ಒಣಗಿಸಿ, ನಿಮ್ಮೂರ ಮಳೆಗಾಲದಲ್ಲಿ ಇದೇ ಅರ್ಧ ಚಿಕಿತ್ಸೆ. ಕಣ್ಣಿಗೆ, ಕಿವಿಯೊಳಗೆ ಶಾಂಪೂ ಹೋಗಬಾರದು. ಕಿವಿಗೆ ಬೇರೆ ಔಷಧಿ, ಅದೂ ತಮಟೆ ಹರಿದಿಲ್ಲ ಅಂತ ನೋಡಿದ ಮೇಲೆ.

ಮೂಲಕಾರಣ:
ಮೈತುಂಬ ಹರಡಿದ್ದರೆ ಡಾಕ್ಟರು ಯೀಸ್ಟ್ ಕೊಲ್ಲೋ ಇಟ್ರಾಕೊನಜೋಲ್ ಔಷಧಿ ಕೊಡಬಹುದು, ಕೆಜಿಗೆ 5 ಮಿಲಿಗ್ರಾಂ, ದಿನಕ್ಕೊಮ್ಮೆ ಊಟದ ಜೊತೆ. ಲಿವರ್ ಪರೀಕ್ಷೆ ಮಾಡಿಸಿಕೊಂಡು ಶುರು ಮಾಡಿ. ಗ್ರೈಸಿಯೊಫಲ್ವಿನ್ ಹುಳುಕಡ್ಡಿಗೆ ಸರಿ, ಈ ಯೀಸ್ಟ್‌ಗೆ ಏನೂ ಮಾಡಲ್ಲ. ಕಜ್ಜಿಗೆ ಐವರ್ಮೆಕ್ಟಿನ್ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ; ಯೀಸ್ಟ್‌ಗೆ ಕೊಡೋ ಇನ್ನೊಂದು ಔಷಧಿ ಕೀಟೊಕೊನಜೋಲ್ ಜೊತೆ ಸೇರಿದರೆ ಐವರ್ಮೆಕ್ಟಿನ್‌ನ ವಿಷಪ್ರಭಾವ ಹೆಚ್ಚುತ್ತೆ. ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಬೆರೆತ ಮುಲಾಮಿನಿಂದ ಕೆಂಪು ಇಳಿಯುತ್ತೆ, ರೋಗ ಉಳಿಯುತ್ತೆ.

ವಾಸಿಯಾಗಿ ಮತ್ತೆ ಬಂದರೆ ಹಿಂದೆ ಅಲರ್ಜಿ ಇರುತ್ತೆ ಅಂದ್ಕೊಳ್ಳಿ: ಚಿಗಟ, ಧೂಳುಹುಳ, ಆಹಾರ. ತೂಕ ಏರುತ್ತಾ ಮಂಕಾಗಿದ್ದರೆ ಥೈರಾಯ್ಡ್ ನೋಡಿಸಿ. ಆಹಾರದ ಅನುಮಾನವಿದ್ದರೆ, ನಾಯಿ ಈವರೆಗೆ ತಿನ್ನದ ಒಂದೇ ಮಾಂಸ, ಒಂದೇ ಕಾಳು ಮಾತ್ರ 8 ವಾರ ಕೊಡಿ. ನಡುವೆ ಬಿಸ್ಕತ್ತು ಕೊಟ್ಟರೆ ಲೆಕ್ಕ ಮತ್ತೆ ಮೊದಲಿಂದ.